ಬಾಜೂ ಮನೆಯ ಎರಿ ಮಣ್ಣು

"ಅಮ್ಮಾ, ಮಣ್ಣನ್ನ ಎಲ್ಲಿಂದ ಎಲ್ಲಿಗೆ ಎತ್ತಬೇಕು?"

ಮಗ ಪ್ಲಾಸ್ಟಿಕ್ ಸಲಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಿಂದಿನ ರಾತ್ರಿ ಬಾಗಲಕೋಟೆಯಿಂದ ಅವ್ವ ವಿಡಿಯೊ ಕಾಲ್ ಮಾಡಿದ್ದಳು. ಅಲ್ಲಿ ಆಗಲೇ ಬುಧವಾರ ಬೆಳಗಾಗಿತ್ತು, 2025ರ ಜೂನ್ 25. "ಇವತ್ತ ಮಣ್ಣೆತ್ತಿನ ಅಮಾಸಿ ಐತಿ, ಹುಡುಗ್ರಿಗೆ ಮಣ್ಣಿನ ಎತ್ತು ಒಂದ್ ಜೋಡಿ ಮಾಡಿ ಕೊಡ" ಅಂದಿದ್ದಳು. ಐದು ವರ್ಷದವನಿಗೆ ಮಣ್ಣು ಗೊತ್ತು, ಎತ್ತೋದೂ ಗೊತ್ತು. ಉಳುವ ಎತ್ತನ್ನ ಮಾತ್ರ ಅವನು ನೋಡೇ ಇಲ್ಲ.

ನಾವಿರೋದು ಡಲ್ಲಾಸ್ ಹತ್ತಿರ. ವಾರದ ನಡುವೆ ಹಬ್ಬ ಬಂದರೆ ಹೇಗಿರುತ್ತೆ ಅಂತ ಗೊತ್ತಲ್ವಾ? ಒಂದು ಮೀಟಿಂಗ್ ಮುಗಿಯೋದ್ರಲ್ಲಿ ಕಡಲೆಬೇಳೆ ಬೆಂದಿತ್ತು, ಇನ್ನೊಂದರಲ್ಲಿ ಮೈಕ್ ಆಫ್ ಮಾಡಿ ಹೂರಣ ರುಬ್ಬಿದೆ. ನನ್ನ ಗಂಡ ಮೈಸೂರಿನವರು. ಅವರಿಗೆ ಅಮಾವಾಸ್ಯೆ ಅಂದ್ರೆ ಭೀಮನ ಅಮಾವಾಸ್ಯೆ ಒಂದೇ. "ಅದಕ್ಕಿನ್ನೂ ಒಂದು ತಿಂಗಳಿದೆಯಲ್ಲೇ" ಅಂದರು. ಅವರಿಗೆ ಹೇಳೋಕೆ ಹೋದರೆ ಹೂರಣ ತಳ ಹಿಡಿಯುತ್ತೆ. ಸುಮ್ನಾದೆ.

ಎಲ್ಲ ಇತ್ತು, ಮಣ್ಣೊಂದು ಇರಲಿಲ್ಲ. ಮಗಳು ತನ್ನ ಬಣ್ಣದ ಆಟದ ಮಣ್ಣಿನ ಡಬ್ಬಿ ತೆಗೆದು ನೇರಳೆ ಎತ್ತು ಮಾಡಿದಳು. ಚೆನ್ನಾಗೇ ಇತ್ತು. ಆದರೆ ಅರ್ಧ ಗಂಟೆಯಲ್ಲಿ ಕಾಲು ಬಾಗಿ ಕೂತೇಬಿಟ್ಟಿತು. ನೇರಳೆ ಎತ್ತಿಗೆ ಹೋಳಿಗೆ ಎಡೆ ಹಿಡಿಯೋಕೆ ನನಗೂ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಮಗ ಸಲಿಕೆ ಸಮೇತ ಬಾಜೂ ಮನೆಗೆ ಹೋಗಿಬಿಟ್ಟಿದ್ದ. ಅಲ್ಲೊಬ್ಬರು ವಯಸ್ಸಾದವರು, ಒಬ್ಬರೇ ಇರ್ತಾರೆ. ಅವತ್ತು ಬೇಲಿಯ ಕಂಬಕ್ಕೆ ಗುಂಡಿ ತೋಡುತ್ತಾ ಎಂದಿನಂತೆ ನೆಲಕ್ಕೆ ಬೈಯುತ್ತಿದ್ದರು. ಇಲ್ಲಿ ಎಲ್ಲರೂ ಬೈತಾರೆ. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಾಯಿ ಬಿಡುತ್ತೆ, ಮನೆಯ ಪಾಯ ಬಿರುಕು ಬಿಡಿಸುತ್ತೆ. ಅದಕ್ಕೇ ಬೇಸಿಗೆಯಲ್ಲಿ ಪಾಯದ ಸುತ್ತ ಸಣ್ಣ ತೂತಿನ ಪೈಪು ಹಾಸಿ ನೆಲಕ್ಕೆ ನೀರು ಕುಡಿಸ್ತಾರೆ. ಹತ್ತು ವರ್ಷದಿಂದ ಈ ಬೈಗುಳ ಕೇಳ್ತಾ ಇದ್ದೀನಿ. ನಾವೂ ಪೈಪು ಹಾಕಿದ್ದೀವಿ. ಮಗ ಬಕೆಟ್ ಎಳೆದುಕೊಂಡು ಬಂದಾಗಲೇ ನೋಡಿದ್ದು. ಎರಿ ಮಣ್ಣು! ನಮ್ಮೂರ ಹೊಲದಂಥದೇ ಕಪ್ಪು ಮಣ್ಣು. ಈ ಸೀಮೆಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅಂತಲೇ ಹೆಸರು, ಹಿಂದೆ ಹತ್ತಿ ಬೆಳೆದ ನೆಲ. ನಾನು ಹುಲ್ಲುಹಾಸಿನ ಕೆಳಗೆ ಯಾವತ್ತೂ ಕೈ ಹಾಕಿರಲಿಲ್ಲ.

ನೀರು ಚಿಮುಕಿಸಿ ನಾದಿದೆ. ಅಂಗೈಗೆ ಅಂಟಿತು, ಬೆರಳ ಗೆರೆಯಲ್ಲೆಲ್ಲ ಕಪ್ಪು ಕೂತಿತು. ಡುಬ್ಬ ಎಬ್ಬಿಸಲು ಹೆಬ್ಬೆರಳಿಂದ ಒತ್ತುವಾಗ ಕೈ ತಂತಾನೇ ಅಪ್ಪನ ಹಾಗೆ ಓಡಿತು. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಕೊನೆಗೆ ಒಂದು ಚಿವುಟು.

ನಮ್ಮ ಎರಿ ಹೊಲ ಘಟಪ್ರಭಾ ದಂಡೆಗಿತ್ತು. ಈಗ ಆಲಮಟ್ಟಿ ಹಿನ್ನೀರಲ್ಲಿದೆ. ಪೂರ್ತಿ ಅಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಹೊಲದ ಬೆನ್ನು ಕಾಣುತ್ತೆ. ಪುನರ್ವಸತಿ ಕೇಂದ್ರಕ್ಕೆ ಬಂದ ಮೇಲೂ ಅಪ್ಪ ಈ ಅಮಾಸಿಗೆ ಅಲ್ಲಿಗೇ ಹೋಗಿ ಒಂದು ಬುಟ್ಟಿ ಮಣ್ಣು ತರುತ್ತಿದ್ದರು. "ಸಂತ್ಯಾಗ ಹತ್ತು ರೂಪಾಯಿಗೆ ಜೋಡಿ ಸಿಗ್ತಾವ" ಅಂತ ಅವ್ವ ಗೊಣಗುತ್ತಿದ್ದಳು. ಅಪ್ಪ ಮಾತಾಡುತ್ತಿರಲಿಲ್ಲ. ಪರಿಹಾರದ ದುಡ್ಡಲ್ಲಿ ಮನೆಯ ಗೋಡೆ ಎದ್ದಿತು. ಉಳಿದದ್ದು ನನ್ನ ಇಂಜಿನಿಯರಿಂಗ್ ಫೀಸಿಗೆ ಹೋಯಿತು. ಇದನ್ನ ಮನೆಯಲ್ಲಿ ಯಾರೂ ಎತ್ತಿ ಆಡಿಲ್ಲ. ಅಣೆಕಟ್ಟಿನ ಮಟ್ಟ 519.60 ಮೀಟರಿಂದ 524.256ಕ್ಕೆ ಏರಿದರೆ ದಿಬ್ಬದ ಮೇಲೆ ಉಳಿದ ಮಡ್ಡಿ ಹೊಲವೂ ಮುಳುಗುತ್ತಂತೆ. ಶಾಲೆಗೆ ಹೋಗದ ಅವ್ವನಿಗೂ ಈ ಎರಡು ಸಂಖ್ಯೆ ಬಾಯಿಪಾಠ.

ಆ ಮಡ್ಡಿ ಹೊಲಕ್ಕೆ ಅಂತ ಒಂದು ಜೋಡಿ ಎತ್ತು ಉಳಿದಿದ್ದವು. ಎರಡು ವರ್ಷದ ಹಿಂದೆ ಎತ್ತುಗಳ ಹಬ್ಬ ಕಾರ ಹುಣ್ಣಿಮೆ ಮುಗಿದ ವಾರ ಅಪ್ಪನ ಫೋನ್ ಬಂತು. ಮೀಟಿಂಗ್‌ನಲ್ಲಿದ್ದೆ, ಎತ್ತಲಿಲ್ಲ. ಸಂಜೆ ಮಾಡಿದಾಗ "ಏನಿಲ್ಲ ಬಿಡವ್ವ, ಸುಮ್ನ ಮಾಡಿದ್ದೆ" ಅಂದರು. ಎತ್ತು ಮಾರಿದ್ದು ನನಗೆ ಗೊತ್ತಾಗಿದ್ದು ದೀಪಾವಳಿಗೆ, ಅದೂ ತಮ್ಮನ ಬಾಯಿಂದ.

"ಅಮ್ಮಾ, ಇದರ ಕಾಲು ಮುರೀತು!" ಮಗ ಅಳುತ್ತಿದ್ದ. ಎಡೆ ಹಿಡಿದು ಎತ್ತುವಾಗ ಮುಂದಿನ ಬಲಗಾಲು ಕಿತ್ತು ಬಂದಿತ್ತು. ಕುಂಟೆತ್ತಿಗೇ ಮರ್ಯಾದೆ ಜಾಸ್ತಿ, ನಾಳೆ ನೋಡು ಅಂದೆ. ನಂಬಲಿಲ್ಲ.

ನಮ್ಮ ಕಡೆ ಹಬ್ಬದ ಮಾರನೇ ದಿನ ಹುಡುಗರು ಕುಂಟೆತ್ತು ಹಿಡಿದು ಮನೆಮನೆಗೆ ಹೋಗಿ ಕಾಳು ಕೇಳ್ತಾರೆ. ಇವರಿಬ್ಬರೂ ಅದನ್ನು ತಟ್ಟೆಯಲ್ಲಿಟ್ಟುಕೊಂಡು ಬಾಜೂ ಮನೆಗೆ ಹೋದರು. ಮಗಳು ಇಂಗ್ಲಿಷಿನಲ್ಲಿ ಒಪ್ಪಿಸಿದಳು: ನಮ್ಮ ಎತ್ತು ಕುಂಟಾಗಿದೆ, ಕಾಳು ಕೊಡಿ. ಅಜ್ಜ ಏನನ್ನೂ ಕೇಳಲಿಲ್ಲ. ಟೊಪ್ಪಿಗೆ ತೆಗೆದು ಎತ್ತಿನ ಮುಂದೆ ಬಗ್ಗಿದರು, ಗ್ಯಾರೇಜಿಗೆ ಹೋದರು, ಹಕ್ಕಿಗೆ ಹಾಕುವ ಕಾಳನ್ನು ಬೊಗಸೆ ತುಂಬ ತಂದು ತಟ್ಟೆಗೆ ಸುರಿದರು. ಸೂರ್ಯಕಾಂತಿ ಬೀಜದ ನಡುವೆ ಕೆಂಪಗೆ, ಗುಂಡಗೆ ಇನ್ನೊಂದು ಕಾಳು. ಇಲ್ಲಿ ಅದಕ್ಕೆ ಮೈಲೋ ಅಂತಾರೆ. "ಇದನ್ನ ಹಕ್ಕಿಗಳೂ ಆರಿಸಿ ಬಿಸಾಡ್ತವೆ, ಬೇರೆ ಇಲ್ಲ" ಅಂತ ಅವರು ಬೇಜಾರು ಮಾಡಿಕೊಂಡರು. ನಾನು ಎರಡು ಕಾಳು ಬಾಯಿಗೆ ಹಾಕಿಕೊಂಡೆ. ಜೋಳ! ಅವರಿಗೆ ನಾಲ್ಕು ಹೋಳಿಗೆ ಕೊಟ್ಟು ಬಂದೆವು, ತುಪ್ಪದ ಬಟ್ಟಲು ಸಮೇತ.

ಮಗ ದಾರಿಯುದ್ದಕ್ಕೂ ಕಾಳು ಚೆಲ್ಲಿಕೊಂಡೇ ಬಂದಿದ್ದ. ವಾರದೊಳಗೆ ಪಾಯದ ಪೈಪಿನ ಪಕ್ಕದಲ್ಲಿ ಸಾಲಾಗಿ ಮೊಳಕೆ ಎದ್ದವು. ಗಂಡ ಕಳೆ ಅಂತ ಕೀಳೋಕೆ ಹೋದರು, ನಾನು ಬಿಡಲಿಲ್ಲ. ಅಪ್ಪನಿಗೆ ಫೋಟೊ ಕಳಿಸಿದೆ. ಕೂಡಲೇ ಫೋನ್ ಬಂತು. ಈ ಸಲ ಮೊದಲ ರಿಂಗಿಗೇ ಎತ್ತಿದೆ.

"ಬಾಳ ದಟ್ಟ ಆಗೇತೆವ್ವ. ಒಂದೀಟು ಹರಗಬೇಕು" ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ಎತ್ತಂತೂ ಅದಾವಲ್ಲ ನಿಮ್ಮ ಮನ್ಯಾಗ."