ಕಾಳು ಮೊದಲು, ರೊಟ್ಟಿ ಆಮೇಲೆ

ನಮ್ಮ ಕಡೆಯ ಮನೆಗಳಲ್ಲಿ ಸೊಸೆಯಾದವಳು ಎಲ್ಲರಿಗಿಂತ ಮೊದಲು ತಟ್ಟೆ ಹಚ್ಚಿಕೊಂಡು ಕೂರುವುದು ಸಣ್ಣ ಸಂಗತಿಯಲ್ಲ. ನಾನು ದಿನವೂ ಹಾಗೆಯೇ ಕೂರುತ್ತೇನೆ. ರಾತ್ರಿ ಏಳೂವರೆ ಆಯಿತೆಂದರೆ ಯಜಮಾನರು ಅಂಗಡಿ ಮುಚ್ಚಿ ಬಂದಿರಲಿ ಬಿಡಲಿ, ಮಗನ ಟ್ಯೂಷನ್ ಮುಗಿದಿರಲಿ ಬಿಡಲಿ, ನನ್ನ ಊಟ ಶುರು. ಮುಗಿಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಒಲೆಯ ಮೇಲೆ ಏನು ಉಕ್ಕಿದರೂ ನಾನು ಏಳುವುದಿಲ್ಲ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎರಡು ವರ್ಷವಾಗುತ್ತ ಬಂತು. ಹೊಟ್ಟೆ ಚಿಕ್ಕದಾದದ್ದಕ್ಕೆ ಬೇಗ ಹೊಂದಿಕೊಂಡೆ. ಮನೆಯಲ್ಲಿ ಮೊದಲು ಉಣ್ಣುವವಳಾದದ್ದಕ್ಕೆ ಹೊಂದಿಕೊಳ್ಳಲು ನನಗೂ ಮನೆಯವರಿಗೂ ಬಹಳ ಕಾಲ ಹಿಡಿಯಿತು.

ಗದಗ-ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಶಸ್ತ್ರಚಿಕಿತ್ಸೆ ಆದದ್ದು ಹುಬ್ಬಳ್ಳಿಯಲ್ಲಿ. ಆಗ ನನ್ನ ತೂಕ 108 ಕಿಲೊ, ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಶಾಲೆಯ ಮಹಡಿ ಹತ್ತಿದರೆ ಕುಯ್ಯೆನ್ನುವ ಮೊಣಕಾಲು. ಈಗ 76. ಹತ್ತನೇ ತರಗತಿಗೆ ಜೀವಕ್ರಿಯೆಗಳ ಪಾಠ ಮಾಡುವಾಗ ಬೋರ್ಡಿನ ಮೇಲೆ ಬಿಡಿಸುವ ಜಠರದ ಚಿತ್ರ ಇದೆಯಲ್ಲ, ಅದರ ಎಡಗಡೆ ಉಬ್ಬಿಕೊಂಡ ಭಾಗ ನನ್ನಲ್ಲಿ ಇಲ್ಲ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ಈ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಸ್ಟೇಪಲ್ ಹಾಕಿ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಆರಂಭದಲ್ಲಿ ಅದರಲ್ಲಿ ನೂರು, ನೂರೈವತ್ತು ಮಿಲಿಲೀಟರಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೇ ಆಗುವುದಿಲ್ಲ. ಬೈಪಾಸ್ ಎಂಬ ಇನ್ನೊಂದು ವಿಧಾನದಲ್ಲಿ ಕರುಳಿನ ದಾರಿಯನ್ನೂ ಬದಲಿಸುತ್ತಾರೆ. ನನಗೆ ಅದು ಬೇಕಾಗಲಿಲ್ಲ.

ಮೊದಲ ವಾರಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ತಿಳಿಯಾದ ಕಟ್ಟು, ತಿಳಿ ಮಜ್ಜಿಗೆ, ಆಮೇಲೆ ಅಂಬಲಿ, ಆಮೇಲೆ ಮಿಕ್ಸರಿನಲ್ಲಿ ತಿರುವಿದ ಹೆಸರುಬೇಳೆ. ಎಲ್ಲವೂ ಗುಟುಕು ಗುಟುಕಾಗಿ. ಬೇಜಾರು, ಅಷ್ಟೆ.

ನಿಜವಾದ ಕಥೆ ಗಟ್ಟಿ ಊಟಕ್ಕೆ ಮರಳಿದಾಗ ಶುರುವಾಯಿತು. ಆಸ್ಪತ್ರೆಯಿಂದ ಕೊಟ್ಟ ಹಾಳೆಯಲ್ಲಿ ಓಟ್ಸ್, ಮೊಟ್ಟೆಯ ಬಿಳಿಭಾಗ, ಗ್ರಿಲ್ ಮಾಡಿದ ಮೀನು, ಬ್ರೊಕೋಲಿ ಎಂದೆಲ್ಲ ಇತ್ತು. ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬರುವುದಿಲ್ಲ. ಬ್ರೊಕೋಲಿ ಬೆಟಗೇರಿ ಸಂತೆಗೆ ಬರುವುದಿಲ್ಲ. ಮುಂದಿನ ಭೇಟಿಯಲ್ಲಿ ಆಹಾರತಜ್ಞೆಗೆ ಹೇಳಿದೆ: "ಮೇಡಂ, ನಮ್ಮ ಅಡುಗೆಮನೆಯಲ್ಲಿ ಇರುವುದು ರೊಟ್ಟಿ, ಕಾಳುಪಲ್ಯ, ಝುಣಕ, ಶೇಂಗಾ ಚಟ್ನಿ, ಮೊಸರು. ಇದರಲ್ಲಿ ಹೇಳಿ." ಆಕೆ ರಾಣೆಬೆನ್ನೂರು ಕಡೆಯವರು. ನಕ್ಕು ಹಾಳೆ ತಿರುವಿ ಹಿಂಬದಿಯಲ್ಲಿ ಬರೆದುಕೊಟ್ಟರು. ಸಾರಾಂಶ ಇಷ್ಟೇ: ಊಟ ಅದೇ ಇರಲಿ, ಕ್ರಮ ತಿರುಗಿಸಿ. ಕಾಳು ಮೊದಲು, ತರಕಾರಿ ನಂತರ, ರೊಟ್ಟಿ ಕೊನೆಗೆ. ಜಾಗ ಉಳಿದರೆ ಮಾತ್ರ ಅನ್ನ.

ಕಾರಣ ಸರಳವಾಗಿದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಹೊಟ್ಟೆಗೆ ಹೋಗಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಹಿಡಿಯುವುದೇ ಒಂದು ಸಣ್ಣ ಬಟ್ಟಲು ಊಟ. ಅದರ ಅರ್ಧವನ್ನು ರೊಟ್ಟಿ ತುಂಬಿಕೊಂಡರೆ ಕಾಳಿಗೆ ಜಾಗವೆಲ್ಲಿ? ಆದರೆ ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ತಿಂದೇ ಬೆಳೆದ ಕೈಗೆ ಬರೀ ಮಡಿಕೆಕಾಳಿನ ಪಲ್ಯವನ್ನು ಚಮಚದಲ್ಲಿ ತಿನ್ನುವುದೆಂದರೆ ಏನೋ ಅರೆಬರೆ. ಎಡಗೈ ಸುಮ್ಮನೆ ಬುಟ್ಟಿಯ ಕಡೆಗೆ ಹೋಗುತ್ತಿತ್ತು. ಪಲ್ಯಕ್ಕೆ ಉಪ್ಪು ಖಾರ ಹಾಕುವುದೇ ರೊಟ್ಟಿಯ ಲೆಕ್ಕದಲ್ಲಿ, ಬರಿದೇ ತಿಂದರೆ ನಾಲಿಗೆ ಉರಿಯುತ್ತದೆ. ಅದಕ್ಕೇ ನನ್ನ ಪಾಲನ್ನು ಖಾರ ಹಾಕುವ ಮೊದಲೇ ತೆಗೆದಿಟ್ಟುಕೊಳ್ಳುತ್ತೇನೆ. ಆಗ ಕೈಹಿಡಿದದ್ದು ಝುಣಕ. ಕಡಲೆಹಿಟ್ಟು, ಮೆತ್ತಗೆ, ಎಣ್ಣೆ ಕಡಿಮೆ ಮಾಡಿದರೂ ರುಚಿ ಕೆಡುವುದಿಲ್ಲ, ಜಗಿಯಲು ತ್ರಾಸವಿಲ್ಲ. ಬಡವರ ಊಟವೆಂದು ನೆಂಟರ ಮುಂದೆ ಬಡಿಸಲು ನಾಚುವ ಝುಣಕ ನನ್ನನ್ನು ಮೂರು ತಿಂಗಳು ಸಾಕಿತು. ಮೊದಮೊದಲು ಕಡಿಮೆ ಬೀಳುತ್ತಿದ್ದ ಪ್ರೋಟೀನನ್ನು ಹಾಲಿಗೆ ಪುಡಿ ಕಲಸಿ ತುಂಬಿಸಿದೆ. ಆ ಪುಡಿಯ ರುಚಿಯ ಬಗ್ಗೆ ಒಳ್ಳೆಯ ಮಾತು ನನ್ನ ಬಾಯಿಂದ ಬರಲಾರದು.

ರೊಟ್ಟಿಯ ವಿಷಯದಲ್ಲಿ ಒಂದು ಸೋಜಿಗ. ಮೆತ್ತಗಿನದು ಸಲೀಸು, ಗಟ್ಟಿಯದು ಕಷ್ಟ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಉಲ್ಟಾ ಆಯಿತು. ಮೆತ್ತಗಿನ ಚಪಾತಿ ಎಷ್ಟು ಜಗಿದರೂ ಒಳಗೆ ಹೋಗಿ ಮತ್ತೆ ಅಂಟಿಕೊಂಡು ಮುದ್ದೆಯಾಗುತ್ತದೆ. ಗೋಧಿಯ ಗ್ಲುಟೆನ್ನಿನ ಗುಣವೇ ಅದು. ಜೋಳದಲ್ಲಿ ಗ್ಲುಟೆನ್ ಇಲ್ಲ. ಹದಿನೈದು ದಿನಕ್ಕಾಗುವಷ್ಟು ಮಾಡಿ ಅಟ್ಟಿ ಹಚ್ಚಿಟ್ಟ ಖಡಕ್ ರೊಟ್ಟಿಯ ಕಾಲುಭಾಗವನ್ನು ತೆಗೆದುಕೊಂಡು, ಉಗುರಿನಷ್ಟು ಚೂರು ಮುರಿದು, ಬಾಯಲ್ಲಿಟ್ಟುಕೊಂಡು, ಅದು ಪುಡಿಯಾಗಿ ನೀರಾಗುವವರೆಗೆ ಜಗಿಯುತ್ತೇನೆ. ಮೊದಲು ಕರುಂ ಎಂಬ ಸದ್ದು, ಆಮೇಲೆ ಜೋಳದ ಸಣ್ಣ ಸಿಹಿ. ಈ ಸಿಹಿಯನ್ನು ನಾನು ನಲವತ್ತು ವರ್ಷ ಜೋಳ ತಿಂದರೂ ಗಮನಿಸಿರಲಿಲ್ಲ. ಗಬಗಬ ತಿನ್ನುವವರಿಗೆ ಅದು ಸಿಗುವಂಥದ್ದಲ್ಲ.

ಅವಸರ ಮಾಡಿದರೆ ಏನಾಗುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು. ಎದೆಯ ನಡುವೆ ಏನೋ ಸಿಕ್ಕಿಕೊಂಡಂತೆ ಬಿಗಿತ, ಬಾಯಿ ತುಂಬ ಜೊಲ್ಲು, ಬಿಕ್ಕಳಿಕೆ, ಮೂಗಿನಲ್ಲಿ ನೀರು. ಕುಡಿದು ಇಳಿಸೋಣವೆಂದರೆ ನೀರೂ ಮೇಲೆಯೇ ನಿಲ್ಲುತ್ತದೆ. ಎದ್ದು ನಿಧಾನ ಅಡ್ಡಾಡಬೇಕು, ತಾನಾಗಿಯೇ ಇಳಿಯಬೇಕು, ಇಲ್ಲವೇ ಹೊರಬರಬೇಕು. ಒಮ್ಮೊಮ್ಮೆ ಹೀಗಾದರೆ ಸರಿ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಮನೆಮದ್ದು ಮಾಡುತ್ತ ಕೂರಬಾರದು. ಬಿ1 ಜೀವಸತ್ವ ಬೇಗ ಬರಿದಾಗಿ ನರಗಳಿಗೆ ಪೆಟ್ಟು ಬೀಳುತ್ತದೆ. ಅದು ಆಸ್ಪತ್ರೆಯ ಕೆಲಸ.

ಎಲ್ಲರಿಗಿಂತ ಮೊದಲು ಉಣ್ಣಬೇಕಾಗಿ ಬಂದದ್ದಕ್ಕೆ ಕಾರಣ ಬೇರೆ. ಸ್ಲೀವ್ ಆದವರಿಗೆ ಹುಳಿತೇಗು, ಎದೆಯುರಿ ಹೆಚ್ಚಾಗುವುದುಂಟು, ನನಗೂ ಆಯಿತು. ಉಂಡು ಎರಡು-ಮೂರು ತಾಸು ಮಲಗುವಂತಿಲ್ಲ. ಯಜಮಾನರು ಒಂಬತ್ತೂವರೆಗೆ ಬಂದು, ಅವರಿಗೆ ಬಡಿಸಿ, ಆಮೇಲೆ ನಾನು ಉಂಡರೆ ಮಲಗುವುದು ಮಧ್ಯರಾತ್ರಿ. ಏಳೂವರೆಯೇ ಸರಿ ಎಂದು ವೈದ್ಯರು ಹೇಳಿದಾಗ ಪಕ್ಕದಲ್ಲಿದ್ದ ಯಜಮಾನರು ತಲೆಯಾಡಿಸಿದರು. ಮನೆಗೆ ಬಂದು ಅತ್ತೆಗೆ ಹೇಳುವ ಕೆಲಸ ನನ್ನದಾಯಿತು.

"ನಿನ್ನ ಮಾವ ಇದ್ದಾಗ ನಾನು ಮಧ್ಯಾಹ್ನದ ಊಟ ಮೂರು ಗಂಟೆಗೆ ಉಂಡವಳು" ಎಂದರು ಅತ್ತೆ. ಅಷ್ಟೇ ಹೇಳಿದ್ದು. ಜಗಳ ಮಾಡುವವರಲ್ಲ. ಆದರೆ ಮೊದಲ ವಾರ ನಾನು ಕೂತಾಗಲೆಲ್ಲ ಅವರಿಗೆ ಅಡುಗೆಮನೆಯಲ್ಲಿ ಏನೋ ಬೇಕಾಗುತ್ತಿತ್ತು, ಮತ್ತು ಅದು ಅವರ ಕೈಗೆ ಸಿಗುತ್ತಿರಲಿಲ್ಲ. ನಾನು ಏಳಲಿಲ್ಲ. ಬಾಯಲ್ಲಿ ತುತ್ತಿದ್ದರೆ ಉತ್ತರವನ್ನೂ ಕೊಡಲಿಲ್ಲ, ಬೆರಳು ತೋರಿಸಿದೆ ಅಷ್ಟೆ. ಕೊನೆಗೆ ಸಾಸಿವೆ ಡಬ್ಬಿ ಎಲ್ಲಿದೆ ಎಂಬುದು ಅವರಿಗೂ ನೆನಪಾಯಿತು.

ಕೊನೆಗೆ ಉಣ್ಣುವವಳ ತಟ್ಟೆಗೆ ಏನು ಬರುತ್ತದೆ ಎಂದು ಯಾರೂ ಲೆಕ್ಕ ಇಡುವುದಿಲ್ಲ. ಮಗ ಬಿಟ್ಟ ಅರ್ಧ ರೊಟ್ಟಿ, ಪಾತ್ರೆಯ ತಳದ ಅನ್ನ, ನಾಳೆಗೆ ಹಳಸುತ್ತದೆ ಎಂಬ ಸಾರು. ಚೆಲ್ಲಲು ಮನಸ್ಸು ಬಾರದೆ ಎಲ್ಲವೂ ನನ್ನ ಹೊಟ್ಟೆಗೆ. ಕಾಳುಪಲ್ಯ ಮಾತ್ರ ಅಷ್ಟೊತ್ತಿಗೆ ಖಾಲಿ. ಇಷ್ಟು ವರ್ಷ ನನ್ನ ಊಟ ಬಹಳವಾಗಿತ್ತು, ಆದರೆ ಅದರಲ್ಲಿ ಆರಿಸಿಕೊಂಡದ್ದು ಏನೂ ಇರಲಿಲ್ಲ. ಈಗ ಉಳಿದದ್ದು ಓಣಿಯ ಆಕಳಿಗೆ ಹೋಗುತ್ತದೆ.

ನೀರಿನದೊಂದು ಬೇರೆಯೇ ಪಾಡು. ಊಟದ ಜೊತೆ ಕುಡಿಯುವಂತಿಲ್ಲ, ಊಟವಾದ ಅರ್ಧ ಗಂಟೆಯ ನಂತರವೇ. ಹಾಗೆಂದು ದಿನಕ್ಕೆ ಒಂದೂವರೆ ಎರಡು ಲೀಟರ್ ಹೋಗಲೇಬೇಕು, ಅದೂ ಗುಟುಕಾಗಿ. ಏಪ್ರಿಲ್ ತಿಂಗಳ ಗದಗ ಬಿಸಿಲಿನಲ್ಲಿ ಶಾಲೆಯಿಂದ ಬಂದು ಗಟಗಟ ಕುಡಿಯುವ ಸುಖ ಹೋಯಿತು. ನಾನು ನಿಜವಾಗಿ ಕಳೆದುಕೊಂಡ ಸುಖ ಅದೊಂದೇ ಎನ್ನಬಹುದು. ಪ್ರತಿ ಪಿರಿಯಡ್ಡಿನ ಗಂಟೆ ಹೊಡೆದಾಗ ನಾಲ್ಕು ಗುಟುಕು ಎಂದು ನಿಯಮ ಮಾಡಿಕೊಂಡಿದ್ದೇನೆ. ನಾನು ಮರೆತರೆ ಮುಂದಿನ ಬೆಂಚಿನ ಹುಡುಗಿಯರು ಬಾಟಲಿಯ ಕಡೆ ಕಣ್ಣು ತೋರಿಸುತ್ತಾರೆ.

ಮದುವೆ ಮನೆಗಳಲ್ಲಿ ಏನು ಮಾಡುತ್ತೀರಿ ಎಂದು ಬಹಳ ಜನ ಕೇಳುತ್ತಾರೆ. ನಮ್ಮಲ್ಲಿ ಒತ್ತಾಯ ಮಾಡದೆ ಬಡಿಸಿದರೆ ಅದು ಬಡಿಸಿದಂತೆಯೇ ಅಲ್ಲ. ಲಕ್ಷ್ಮೇಶ್ವರದಲ್ಲಿ ನೆಗೆಣ್ಣಿಯ ಮಗಳ ಮದುವೆಯಲ್ಲಿ ಅವರ ಕಾಕು ಹೋಳಿಗೆಯ ಬುಟ್ಟಿ ಹಿಡಿದು ನನ್ನ ಎಲೆಯ ಮುಂದೆ ನಿಂತೇಬಿಟ್ಟರು. "ಒಂದು ಹೋಳಿಗೆಗೆ ಏನಾಗುತ್ತದವ್ವಾ?" ಎಂದು ಕೇಳಿದ ಕೈಯಲ್ಲೇ ತುಪ್ಪದ ಸೌಟು. ಎಲೆಯಲ್ಲಿ ಬಿಟ್ಟರೆ ಅವಮಾನ, ತಿಂದರೆ ನನ್ನ ಪಾಡು. ಅಷ್ಟು ಸಕ್ಕರೆ, ತುಪ್ಪ ಒಟ್ಟಿಗೆ ಇಳಿದರೆ ಎದೆ ಡವಡವ, ಬೆವರು, ಹೊಟ್ಟೆ ತೊಳಸು. ಬೈಪಾಸ್ ಆದವರಿಗೆ ಇದು ಇನ್ನೂ ಹೆಚ್ಚು, ನಮ್ಮಂಥವರಿಗೂ ತಪ್ಪಿದ್ದಲ್ಲ. ಅಂದಿನಿಂದ ಉಪಾಯ ಮಾಡಿದ್ದೇನೆ. ಮನೆಯಲ್ಲಿ ಮೊದಲೇ ಉಂಡು ಹೋಗುತ್ತೇನೆ, ಹೋದ ಕೂಡಲೇ ಸೆರಗು ಸಿಕ್ಕಿಸಿ ಕೋಸಂಬರಿಯ ಬಕೆಟ್ಟು ಹಿಡಿಯುತ್ತೇನೆ. ಬಡಿಸುವವರನ್ನು ಯಾರೂ ಒತ್ತಾಯಿಸುವುದಿಲ್ಲ. ಹೊಗಳಿಕೆ ಬೇರೆ ಸಿಗುತ್ತದೆ.

ಮಾತ್ರೆಗಳ ಡಬ್ಬಿ ಮಾತ್ರ ಜೀವಮಾನದ ಸಂಗಾತಿ. ಬಿ12 ಜೀವಸತ್ವವನ್ನು ದೇಹ ಹೀರಿಕೊಳ್ಳಲು ಜಠರ ಸ್ರವಿಸುವ ಒಂದು ಅಂಶ ಬೇಕು. ಜಠರವೇ ಕಡಿಮೆಯಾದಾಗ, ಅದರ ಮೇಲೆ ಶಾಕಾಹಾರಿಯೂ ಆದಾಗ, ಬಿ12 ಬೀಳುವುದು ಖಂಡಿತ. ನನಗೆ ಇಂಜೆಕ್ಷನ್ ಬೇಕಾಯಿತು. ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ ಒಟ್ಟಿಗೆ ನುಂಗುವಂತಿಲ್ಲ, ಎರಡು ತಾಸು ಅಂತರ ಬೇಕು. ಒಂದು ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ಮೊಣಕಾಲು ನೋವಿಗೆ ಔಷಧಿ ಅಂಗಡಿಯವರು ಕೈಗೆ ಸಿಕ್ಕ ನೋವಿನ ಗುಳಿಗೆ ಕೊಡುತ್ತಾರೆ. ಹೊಟ್ಟೆಯಲ್ಲಿ ಹುಣ್ಣು ಮಾಡುವ ಜಾತಿಯವು ನನಗೆ ಬೇಡವೆಂದು ಈಗ ನಾನೇ ಹೇಳುತ್ತೇನೆ. ಸಕ್ಕರೆಯ ಮಾತ್ರೆಯನ್ನು ವೈದ್ಯರು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ರಕ್ತದೊತ್ತಡದ ಒಂದು ಮಾತ್ರೆ ಇನ್ನೂ ಇದೆ.

ನಾಲ್ಕನೇ ತಿಂಗಳಲ್ಲಿ ಕೂದಲು ಉದುರತೊಡಗಿದಾಗ ಮಾತ್ರ ಅತ್ತಿದ್ದೇನೆ. ತೂಕ ಒಮ್ಮೆಲೇ ಇಳಿದರೆ ಕೂದಲು ಒಟ್ಟಾಗಿ ವಿಶ್ರಾಂತಿಯ ಹಂತಕ್ಕೆ ಹೋಗಿ ಉದುರುತ್ತದೆ, ಮತ್ತೆ ಬರುತ್ತದೆ ಎಂದು ಹೇಳಿದ್ದರು. ಬಂತು. ಆದರೆ ಬಾಚಣಿಗೆ ತುಂಬ ಕೂದಲು ನೋಡುವಾಗ ವಿಜ್ಞಾನ ನೆನಪಾಗುವುದಿಲ್ಲ. ಅದೇ ಸಮಯಕ್ಕೆ ಸ್ಟಾಫ್ ರೂಮಿನಲ್ಲಿ ಗುಸುಗುಸು. ದಪ್ಪವಿದ್ದಾಗ "ಸ್ವಲ್ಪ ಇಳಿಸಿರಿ ಅಕ್ಕಾ" ಎಂದವರೇ ಈಗ "ಏನು ಕಾಯಿಲೆ?" ಎಂದು ದನಿ ಇಳಿಸಿ ಕೇಳಿದರು. ನಮ್ಮ ಜನಕ್ಕೆ ತೆಳ್ಳಗಾದವರೆಂದರೆ ಒಂದೋ ರೋಗ, ಇಲ್ಲವೇ ಸಂಸಾರದಲ್ಲಿ ತ್ರಾಸ. ಶಸ್ತ್ರಚಿಕಿತ್ಸೆ ಎಂದು ಗೊತ್ತಾದ ಮೇಲೆ "ದುಡ್ಡು ಕೊಟ್ಟು ತೆಳ್ಳಗಾದಳು" ಎಂಬ ಮಾತು ಬಂತು. ಇರಲಿ. ದುಡ್ಡು ಕೊಟ್ಟದ್ದು ನಿಜ.

ಈಗ ಎರಡನೇ ವರ್ಷದಲ್ಲಿ ಹಸಿವು ಮರಳಿದೆ. ಬರುತ್ತದೆ ಎಂದು ಮೊದಲೇ ಹೇಳಿದ್ದರು. ಸಂಜೆ ಐದೂವರೆಗೆ ಸರಿಯಾಗಿ ಬರುತ್ತದೆ, ಆ ಹೊತ್ತಿಗೆ ಓಣಿಯಲ್ಲಿ ಗಿರ್ಮಿಟ್ ಗಾಡಿಯೂ ಬರುತ್ತದೆ. ಮಿರ್ಚಿ ಬಜಿಯ ಹೆದರಿಕೆ ನನಗಿಲ್ಲ. ಎರಡು ಕಡಿತಕ್ಕೆ ಹೊಟ್ಟೆಯೇ ಸಾಕೆನ್ನುತ್ತದೆ. ಹೆದರಿಕೆ ಚುರುಮುರಿಯದು, ಸವಣೂರು ಖಾರಾದ್ದು, ಧಾರವಾಡ ಪೇಡೆಯದು. ಬಾಯಲ್ಲೇ ಕರಗಿ, ಎಲ್ಲಿಯೂ ತಡೆಯದೆ ಇಳಿದುಬಿಡುವ ಪದಾರ್ಥಗಳಿಗೆ ಈ ಕೊಳವೆ ಅಡ್ಡಿ ಮಾಡುವುದೇ ಇಲ್ಲ. ತಾಸುಗಟ್ಟಲೆ ತಿನ್ನುತ್ತ ಕೂರಬಹುದು. ತೂಕ ಮರಳಿ ಏರುವುದು ಹೀಗೆ ಮೆಲ್ಲುವ ತಿಂಡಿಗಳಿಂದಲೇ ಎಂದು ಆಹಾರತಜ್ಞೆ ಪ್ರತಿ ಸಲವೂ ಹೇಳುತ್ತಾರೆ. ಕಳೆದ ಬೇಸಿಗೆ ರಜೆಯಲ್ಲಿ ಎರಡು ಕಿಲೊ ಏರಿತ್ತು. ಹಾಗಾಗಿ ಐದೂವರೆಗೆ ಒಂದು ಹಿಡಿ ಹುರಿಗಡಲೆ, ಅರ್ಧ ಬಟ್ಟಲು ಮೊಸರು, ಆಮೇಲೆ ಭೀಷ್ಮಕೆರೆಯ ಕಡೆಗೆ ನಡಿಗೆ. ಮೊಣಕಾಲು ಈಗ ತಕರಾರು ಮಾಡುವುದಿಲ್ಲ.

ಚುರುಮುರಿ ಡಬ್ಬಿಯನ್ನು ಅತ್ತೆ ತಮ್ಮ ಕೋಣೆಗೆ ಒಯ್ದಿಟ್ಟುಕೊಂಡಿದ್ದಾರೆ. "ಬೀಗ ಏನೂ ಬೇಡಿರಿ, ನಾನೇನು ಕಳ್ಳಿಯೇ?" ಎಂದೆ. "ಅಲ್ಲವ್ವಾ, ನೀನು ಜಾಣೆ" ಎಂದರು. ಬೀಗ ಹಾಕಿದ್ದಾರೆ.