ಪ್ಯಾಂಟಿನ ಮೇಲಿನ ಕೆಂಪು ಕಲೆ

ಇಂದು ಮಧ್ಯಾಹ್ನ ಊಟದ ಪೊಟ್ಟಣ ತಂದುಕೊಟ್ಟ ಹುಡುಗನ ಪ್ಯಾಂಟಿನ ಬಲತೊಡೆಯ ಮೇಲೆ ಅಂಗೈಯಗಲದ ಕೆಂಪು ಕಲೆಯಿತ್ತು.

ಸಾಂಬಾರು ಚೆಲ್ಲಿರಬೇಕೆಂದು ನಾನು ಪೊಟ್ಟಣವನ್ನೇ ತಿರುಗಿಸಿ ನೋಡಿದೆ. “ಹೊಳಪು ಬರಲೆಂದು ಬಾಲ್ ಉಜ್ಜಿದ್ದು ಸರ್, ಬೆಳಿಗ್ಗೆ ಕ್ರಿಕೆಟ್ ಪ್ರಾಕ್ಟೀಸ್ ಇತ್ತು” ಎಂದು ನಕ್ಕು ಅವನು ಮೆಟ್ಟಿಲಿಳಿದ.

2023ರ ವಿಶ್ವಕಪ್‌ಗೆ ಸಿದ್ಧವಾಗಲು ನಮ್ಮ ಬೆಂಗಳೂರಿನ ಹೊರವಲಯದ ಆಲೂರಿಗೆ ಬಂದಿದ್ದ ನೆದರ್ಲೆಂಡ್ಸ್ ತಂಡ ನೆನಪಾಯಿತು. ಇಲ್ಲಿನ ಪಿಚ್‌ಗಳಿಗೆ ಒಗ್ಗಿಕೊಳ್ಳಬೇಕಿದ್ದ ಆ ತಂಡ, ನೆಟ್ಸ್‌ನಲ್ಲಿ (ಬಲೆ ಕಟ್ಟಿದ ಅಭ್ಯಾಸದ ಅಂಕಣದಲ್ಲಿ) ತನ್ನ ಬ್ಯಾಟರ್‌ಗಳಿಗೆ ಬೌಲಿಂಗ್ ಮಾಡಬಲ್ಲವರು ತಮ್ಮ ಆರು ಎಸೆತಗಳ ವಿಡಿಯೊ ಕಳುಹಿಸಬೇಕೆಂದು ಸಾಮಾಜಿಕ ಜಾಲತಾಣದಲ್ಲಿ ಕೇಳಿಕೊಂಡಿತ್ತು. ಸುಮಾರು 10,000 ಮಂದಿಯ ಪೈಕಿ ಆಯ್ಕೆಯಾದ ನಾಲ್ವರಲ್ಲಿ ಒಬ್ಬರು, ಚೆನ್ನೈನಲ್ಲಿ ಮನೆಮನೆಗೆ ಊಟ ತಲುಪಿಸುತ್ತಿದ್ದ ಎಡಗೈ ಸ್ಪಿನ್ನರ್ ಲೋಕೇಶ್ ಕುಮಾರ್. ದೊಡ್ಡ ಕ್ರಿಕೆಟ್ ಮಂಡಳಿಗಳಿಗೆ ನೆಟ್ ಬೌಲರ್‌ಗಳ ಕೊರತೆಯೇ ಇಲ್ಲ. ಆದರೆ ಹೀಗೆ ಬಾಗಿಲು ತೆರೆದಿಟ್ಟು ಕರೆದದ್ದು ಈ ಪುಟ್ಟ ತಂಡ ಎಂಬುದು ನನಗೆ ಈಗಲೂ ಹಿಡಿಸುತ್ತದೆ.

ಅಕ್ಟೋಬರ್ 17ರಂದು ಧರ್ಮಶಾಲಾದಲ್ಲಿ, ಮಳೆಯಿಂದ 43 ಓವರ್‌ಗಳಿಗೆ ಇಳಿದ ಪಂದ್ಯದಲ್ಲಿ, ಅದೇ ತಂಡ ದಕ್ಷಿಣ ಆಫ್ರಿಕಾವನ್ನು 38 ರನ್‌ಗಳಿಂದ ಸೋಲಿಸಿತು. ಆಲೂರಿನಲ್ಲಿ ದಿನವಿಡೀ ಚೆಂಡೆಸೆದವರ ಹೆಸರಿಗೆ ಸ್ಕೋರ್ ಕಾರ್ಡಿನಲ್ಲಿ ಜಾಗವಿರುವುದಿಲ್ಲ, ಬಿಡಿ.

ಕಲೆ ಬಲತೊಡೆಯ ಮೇಲಿದ್ದುದರಿಂದ ನಮ್ಮ ಹುಡುಗ ಬಲಗೈ ವೇಗಿಯಿರಬೇಕೆಂದು ನನ್ನ ಊಹೆ. ಕೇಳೋಣವೆಂದು ಬಾಲ್ಕನಿಗೆ ಬರುವಷ್ಟರಲ್ಲಿ ಅವನ ಬೈಕು ತಿರುವು ದಾಟಿಯಾಗಿತ್ತು.