ಗುಣವಾದವನ ಕೈಯಲ್ಲಿ ಪಾಸಿಟಿವ್ ಚೀಟಿ

ಎಚ್‌ಸಿವಿ ಎಂಬ ವೈರಸ್‌ನಿಂದ ಯಕೃತ್ತಿಗೆ ತಗಲುವ ಹೆಪಟೈಟಿಸ್ ಸಿ ಪೂರ್ತಿ ವಾಸಿಯಾದ ಮೇಲೂ, ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಆಂಟಿಬಾಡಿ ಪರೀಕ್ಷೆ ಸಾಮಾನ್ಯವಾಗಿ ಪಾಸಿಟಿವ್ ಎಂದೇ ತೋರಿಸುತ್ತದೆ, ಗಾಯ ಮಾಯ್ದರೂ ಕಲೆ ಉಳಿಯುವ ಹಾಗೆ. ರಕ್ತದಲ್ಲಿ ಈಗ ವೈರಸ್ ಇದೆಯೇ ಎಂಬುದನ್ನು ಹೇಳುವುದು ಆರ್‌ಎನ್‌ಎ ಪರೀಕ್ಷೆ. ಹುಬ್ಬಳ್ಳಿಯಲ್ಲಿ ಮಾದಕದ್ರವ್ಯದ ಸೂಜಿಯ ಚಟಕ್ಕೆ ಬಿದ್ದವರ ನಡುವೆ ಪಿಯರ್ ಎಜುಕೇಟರ್ ಆಗಿ, ಅಂದರೆ ಅದೇ ಹಾದಿ ದಾಟಿ ಬಂದು ಅವರಿಗೆ ತಿಳಿಹೇಳುವವನಾಗಿ ದುಡಿಯುವ ನಾನು, ಅವರು ಸೇರುವ ಹಾಟ್‌ಸ್ಪಾಟ್‌ಗೆ ಹೋದಾಗಲೆಲ್ಲ ಇದನ್ನು ಹೇಳುತ್ತೇನೆ. ಬಾಯಿಮಾತು ಸಾಲದು ಎಂಬುದು ಕಳೆದ ಮಳೆಗಾಲದಲ್ಲಿ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ ತಿಳಿಯಿತು.

ಅಂದು ನನ್ನ ಜೊತೆಗಿದ್ದವನು ಅಮರಗೋಳದ ಎಪಿಎಂಸಿಯಲ್ಲಿ ಹಮಾಲ. ಬೆಳಿಗ್ಗೆ, ಸೂಜಿಯ ಬದಲು ಗುಳಿಗೆ ಕೊಟ್ಟು ಚಟ ಬಿಡಿಸುವ ಓಎಸ್‌ಟಿ ಕೇಂದ್ರಕ್ಕೆ ಬಂದು, ನಾಲಿಗೆಯಡಿ ಇಟ್ಟ ಗುಳಿಗೆ ಕರಗುವವರೆಗೆ ಬಾಯಿ ಬಿಚ್ಚದೆ ಕುಳಿತು, ಅಲ್ಲಿಂದ ನೇರ ಚೀಲ ಹೊರಲು ಹೋಗುವವನು. ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆಯನ್ನೂ ತಪ್ಪಿಸಿದವನಲ್ಲ. ಹೆಪಟೈಟಿಸ್ ಸಿಗೆ ಸೊಫೊಸ್ಬುವಿರ್, ಡಕ್ಲಾಟಸ್ವಿರ್ ಮಾತ್ರೆಗಳನ್ನು 12 ವಾರ ನುಂಗಿದ್ದ. ಅದು ಮುಗಿದು ಮತ್ತೆ 12 ವಾರಕ್ಕೆ ಮಾಡಿಸಿದ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಿಂದಾಗಿ ಈ ಔಷಧ ಉಚಿತವಾಗಿ ಸಿಗುತ್ತದೆ. ನಾನೂ ಅದೇ ಮಾತ್ರೆ ನುಂಗಿ ವಾಸಿಯಾದವನು.

ಭಾರ ಹೊತ್ತು ಹೊತ್ತು ಅವನಿಗೆ ಹರ್ನಿಯಾ ಆಗಿತ್ತು. ಆಪರೇಷನ್‌ಗೆ ಮುಂಚಿನ ರಕ್ತಪರೀಕ್ಷೆ ಮಾಡಿಸಿ ಇಬ್ಬರೂ ಬೆಂಚಿನ ಮೇಲೆ ಕಾಯುತ್ತಿದ್ದೆವು. ಸಿಬ್ಬಂದಿಯೊಬ್ಬರು ಬಾಗಿಲಿಗೆ ಬಂದು, “ಎಚ್‌ಸಿವಿ ಪಾಸಿಟಿವ್ ಯಾರದು?” ಎಂದು ಕೂಗಿದರು. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಎದ್ದು ಹೋದರು. ಅವನು ಹೋಗಿ ಚೀಟಿ ತೆಗೆದುಕೊಂಡು ಬಂದ. ಆಪರೇಷನ್ ಮುಂದಕ್ಕೆ ಹೋಗಿತ್ತು.

ನಾನು ಆಂಟಿಬಾಡಿಯ ವಿಷಯ ಶುರು ಮಾಡಿದೆ. ಅವನ ಕಣ್ಣು ನನ್ನ ಮೇಲಿರಲಿಲ್ಲ. ಚೀಟಿಯನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ತುರುಕಿಕೊಂಡು, “ಚಹಾ ಕುಡಿದು ಬರುತ್ತೇನೆ ಅಣ್ಣಾ, ನೀವು ಇಲ್ಲೇ ಇರಿ” ಎಂದ. ಆ ದನಿ ನನಗೆ ಗೊತ್ತು. ನಾನೂ ಒಂದು ಕಾಲಕ್ಕೆ ಹಾಗೇ ಹೇಳಿ ಎದ್ದು ಹೋಗಿ, ಚಹಾದಂಗಡಿ ದಾಟಿ ಸೂಜಿ ಸಿಗುವ ಕಡೆ ನಡೆದವನು. “ನನಗೂ ಚಹಾ ಬೇಕು ತಮ್ಮಾ” ಎಂದು ಜೊತೆಗೇ ಎದ್ದೆ.

ಅಂಗಡಿಯಲ್ಲಿ ಅವನು ಗ್ಲಾಸು ಹಿಡಿದುಕೊಂಡೇ ನಿಂತಿದ್ದ. ಚಹಾಕ್ಕೆ ಕೆನೆ ಕಟ್ಟಿತು. ಔಷಧ ಸುಳ್ಳಾಯಿತು ಎಂದು ಕುಗ್ಗಿದ್ದಾನೆ ಎಂದುಕೊಂಡಿದ್ದೆ. ಎಷ್ಟೋ ಹೊತ್ತಿನ ಮೇಲೆ ಅವನು ಬಾಯಿ ಬಿಟ್ಟ: “ನಾಳೆ ಇನ್ನೊಂದನ್ನೂ ಹೀಗೇ ಕೂಗಿದರೆ? ಎಪಿಎಂಸಿಯವರು ಯಾರಾದರೂ ಅಲ್ಲಿ ಕುಳಿತಿದ್ದರೆ?” ಇನ್ನೊಂದು ಎಂದರೆ ಎಚ್‌ಐವಿ. ಅದಕ್ಕೆ ನಾನು ಪಾಠ ಹೇಳಲಿಲ್ಲ. ನನ್ನ ಹೆಸರು ಕೂಗಿದ ದಿನದ ಕಥೆ ಹೇಳಿದೆ. ಆಮೇಲೆ ಅವನು ಚಹಾ ಕುಡಿದ.

ಆರ್‌ಎನ್‌ಎ ವರದಿ ನಮ್ಮ ಕಚೇರಿಯ ಕಪಾಟಿನಲ್ಲಿತ್ತು. ಬೀಗದ ಕೈ ಧಾರವಾಡಕ್ಕೆ ಸಭೆಗೆ ಹೋದವರ ಬಳಿ. ಅವರು ಬರುವವರೆಗೆ ಪಡಸಾಲೆಗೆ ಹೋಗುವುದು ಬೇಡವೆಂದು ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಅವನು ಎರಡು ಸಲ ಎದ್ದ, ಎರಡು ಸಲವೂ ನಾನು ಎದ್ದೆ. ಕೌನ್ಸೆಲರ್ ಅಕ್ಕ ಫೋನಿನಲ್ಲಿ ಅವನ ಬಾಯಿಂದಲೇ ಒಪ್ಪಿಗೆ ಪಡೆದು ವರದಿ ಕಳಿಸಿದರು. ಸರ್ಜನ್ ಅದನ್ನು ಓದಿ ಹೊಸ ದಿನಾಂಕ ಬರೆದುಕೊಟ್ಟರು. ಅವರು ಒರಟರಲ್ಲ, ಆ ಕಾಗದ ಅವರ ಮುಂದೆ ಇರಲಿಲ್ಲ, ಅಷ್ಟೇ.

ಕೂಗಿದ್ದು ಮಾತ್ರ ನನಗೆ ಇಂದಿಗೂ ನುಂಗಲಾಗದ ತುತ್ತು. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆ ಇದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಗೋಪ್ಯತೆ ಕಾಯಬೇಕು, ತಾರತಮ್ಯ ಮಾಡಬಾರದು ಎನ್ನುತ್ತದೆ. ಹೆಪಟೈಟಿಸ್ ಸಿ ಇರುವವನ ಮರ್ಯಾದೆಯೂ ಅಷ್ಟೇ ದೊಡ್ಡದು.

ಆ ದಿನದ ನಂತರ, ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರ ಕೈಗೂ ಆರ್‌ಎನ್‌ಎ ವರದಿಯ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಿದ್ದೇವೆ. ಕೊಡುವಾಗಲೇ ಇನ್ನೊಂದು ಮಾತು ಹೇಳುತ್ತೇವೆ: ಒಮ್ಮೆ ವಾಸಿಯಾದರೆ ಮತ್ತೆ ತಗಲುವುದಿಲ್ಲ ಎಂದೇನಿಲ್ಲ, ಇದಕ್ಕೆ ಲಸಿಕೆಯೂ ಇಲ್ಲ. ಸಿರಿಂಜು ಅಷ್ಟೇ ಅಲ್ಲ, ಚಮಚ, ಹತ್ತಿ, ನೀರು ಕೂಡ ಹಂಚಿಕೊಳ್ಳಬಾರದು. ಜಾರಿದವರು ನಾಚಿಕೆಯಿಂದ ಅಡಗಬಾರದು. ಬಂದು ಮತ್ತೆ ಆರ್‌ಎನ್‌ಎ ಮಾಡಿಸಿಕೊಳ್ಳಬೇಕು, ಮತ್ತೆ ಚಿಕಿತ್ಸೆ ಪಡೆಯಬಹುದು.

ತಿಂಗಳ ವರದಿಯಲ್ಲಿ ನನ್ನ ಆ ಇಡೀ ದಿನ ‘ಒಂದು ಕಾಂಟ್ಯಾಕ್ಟ್’, ಅಂದರೆ ಒಂದು ಭೇಟಿ ಎಂದು ದಾಖಲಾಯಿತು. ಹಾಟ್‌ಸ್ಪಾಟಿನಲ್ಲಿ ನಿಂತು ಒಂದು ಸಿರಿಂಜು ಕೊಟ್ಟರೂ ಅದು ಒಂದು ಕಾಂಟ್ಯಾಕ್ಟ್. ಭೇಟಿ ಬಾಕಿಯಿರುವವರ ಡ್ಯೂ ಲಿಸ್ಟ್ ಹಿಡಿದು ಗುರಿ ಮುಟ್ಟಿಲ್ಲವೆಂದು ಕೇಳುವವರಿಗೆ ನಾನು ಜಗಳವಾಡಿಯೇ ಹೇಳಿದ್ದೇನೆ: ಆಸ್ಪತ್ರೆಗೆ ಜೊತೆಗೆ ಹೋಗುವುದಕ್ಕೆ ಬೇರೆ ಕಾಲಂ ಬೇಕು, ಬಸ್ ಚಾರ್ಜು ಬೇಕು, ಕಪಾಟಿನ ಎರಡನೆಯ ಬೀಗದ ಕೈ ಬೇಕು. ಬೀಗದ ಕೈ ಸಿಕ್ಕಿದೆ. ಉಳಿದ ಎರಡನ್ನು ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.